ಎಳೆದವರು ಯಾರು

ಆಲ್ದೂರಿನ ಭುವನಾಳಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಕಾಲು ಮಾತ್ರ ಊರಲ್ಲಿ ಯಾರಿಗೂ ಇಲ್ಲದಷ್ಟು ಚುರುಕು. ಇಂಡಿಯಾ ಎಂದು ಬರೆದ ಬನಿಯನ್ ತೊಟ್ಟು ಒಮ್ಮೆ ಹೊರದೇಶಕ್ಕೂ ಹೋಗಿ, ನಾನೂರು ಮೀಟರ್ ಓಟದಲ್ಲಿ ನಾಲ್ಕನೆಯವಳಾಗಿ ಬಂದವಳು. ಆಲ್ದೂರಿನಲ್ಲಿ ಓಡಲು ಸಮತಟ್ಟು ಜಾಗ ಹುಡುಕುವುದೇ ಒಂದು ಸಾಹಸ. ಸಿಕ್ಕರೂ ಅಲ್ಲಿ ಯಾರಾದರೂ ಕಾಫಿ ಒಣಹಾಕಿರುತ್ತಾರೆ.

ಕಣ್ಣು ಕಾಣದವರ ಓಟದಲ್ಲಿ ಕಣ್ಣಿರುವ ಜೊತೆಗಾರನೊಬ್ಬ ಪಕ್ಕದಲ್ಲೇ ಓಡಬೇಕು. ಇಬ್ಬರ ಕೈಗೂ ಸೇರಿ ಒಂದು ಗೇಣುದ್ದದ ಹಗ್ಗ. ಅವನು ದಾರಿ ಹೇಳಬಹುದು, ಎಳೆಯುವಂತಿಲ್ಲ. ಅವಳಿಗಿಂತ ಮುಂಚೆ ಗೆರೆ ದಾಟುವಂತೆಯೂ ಇಲ್ಲ. ಭುವನಾಳ ಜೊತೆಗಾರ ಅವಳ ಚಿಕ್ಕಪ್ಪನ ಮಗ ಬಸವಪ್ರಸಾದ್. ಕಾಲೇಜಿನ ದಿನಗಳಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಮದುವೆಯಾಗಿ, ಕಾಫಿ ವ್ಯಾಪಾರದ ಗಲ್ಲಾದ ಮುಂದೆ ಕೂತ ಮೇಲೆ ಹೊಟ್ಟೆ ಬಂತು. ಈಗ ಮುನ್ನೂರು ಮೀಟರ್ ದಾಟುವಷ್ಟರಲ್ಲಿ ಅವನಿಗೆ ಏದುಸಿರು, ಹಗ್ಗ ಹಿಂದಕ್ಕೆ ಜಗ್ಗುತ್ತದೆ, ಅವಳು ಓಟ ತಗ್ಗಿಸಬೇಕು. ಹೀಗೇ ಎರಡು ವರ್ಷ ಕಳೆಯಿತು, ಎರಡು ಆಯ್ಕೆಗಳು ಕೂದಲೆಳೆಯಲ್ಲಿ ಕೈತಪ್ಪಿದವು. ಬೆಂಗಳೂರಿನ ಕೋಚ್ ಕೊನೆಗೆ ಫೋನಿನಲ್ಲಿ ಬಿಡಿಸಿಯೇ ಹೇಳಿದರು: ಏಷ್ಯಾ ಕೂಟದ ಆಯ್ಕೆ ಮುಂದಿನ ತಿಂಗಳು, ಬೇರೆ ಜೊತೆಗಾರನನ್ನು ಕೊಡುತ್ತೇನೆ, ಇವನ ಜೊತೆಗೇ ಬರುವುದಾದರೆ ತಂಡದ ಆಸೆ ಬಿಡು.

ಅವನಿಗೆ ಹೇಳುವುದು ಹೇಗೆ? ಊರಿಗೆ ಊರೇ ಅವನ ತ್ಯಾಗವನ್ನು ಕೊಂಡಾಡುತ್ತಿತ್ತು. ಯಾರ ಮನೆಗೆ ಹೋದರೂ, "ಇವಳ ಕಾಫಿಗೆ ಸಕ್ಕರೆ ಹಾಕ್ಬೋದಾ?" ಎಂದು ಅವನನ್ನೇ ಕೇಳುತ್ತಿದ್ದರು. ತನಗೆ ಕಿವಿ ಕೇಳಿಸುತ್ತದೆ ಎಂದು ಎಷ್ಟು ಜನರಿಗೆ ಹೇಳುವುದು! ಭುವನಾಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರಕ್ಕೆ ಜಾಗ ಇಲ್ವಂತೆ. ಹೇಳಿ ಮುಗ್ಸೇ," ಎಂದು ತಾಯಿ ಸಿದ್ದಗಂಗಮ್ಮ ಗದರಿದರು.

"ಅಂವ ಬೇಜಾರು ಮಾಡ್ಕತಾನೆ ಅಮ್ಮ. ಎಂತ ಮಾಡದು?"

ಅಷ್ಟರಲ್ಲಿ ವರ್ತಕರ ಸಂಘದವರು ಭುವನಾಳಿಗೆ ಸನ್ಮಾನ ಇಟ್ಟುಕೊಂಡರು. ಅಧ್ಯಕ್ಷ ಓಂಕಾರಪ್ಪನವರು ಮೈಕು ಹಿಡಿದರೆ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಎಪ್ಪತ್ತೆರಡರಲ್ಲಿ ಜರ್ಮನಿಯಲ್ಲಿ ದೇಶಕ್ಕೆ ಬಂದ ಮೊದಲ ಪ್ಯಾರಾಲಿಂಪಿಕ್ಸ್ ಚಿನ್ನದಿಂದ ಶುರು ಮಾಡಿ, ಟೋಕಿಯೊದಲ್ಲಿ ಹತ್ತೊಂಬತ್ತು, ಪ್ಯಾರಿಸ್ಸಿನಲ್ಲಿ ಇಪ್ಪತ್ತೊಂಬತ್ತು ಎಂದು ಪದಕಗಳನ್ನೆಲ್ಲ ಒಪ್ಪಿಸಿದರು. ಯಾವುದನ್ನೂ ತಪ್ಪು ಹೇಳಲಿಲ್ಲ. ತಪ್ಪಿದ್ದು ವೇದಿಕೆಯ ಮೇಲೆ ಪಕ್ಕದಲ್ಲೇ ಕೂತಿದ್ದವಳ ವಿಷಯದಲ್ಲಿ.

"ಮುಂದಿನ ಪದಕ ನಮ್ಮ ಆಲ್ದೂರಿಗೇ! ಈ ಕಣ್ಣಿಲ್ದ ಹುಡುಗೀನ ಅಷ್ಟು ದೂರ ಎಳ್ಕಂಡು ಓಡ್ತಾರಲ್ಲ ನಮ್ಮ ಬಸವಪ್ರಸಾದ್, ಅವ್ರಿಗೊಂದು ಜೋರು ಚಪ್ಪಾಳೆ!"

ಶಾಲು ಮೊದಲು ಬಿದ್ದದ್ದು ಅವನ ಹೆಗಲಿಗೆ. ಭುವನಾಳಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಕೈಚಾಚಿ ಮೈಕನ್ನು ಹುಡುಕಿ ಹಿಡಿದಳು.

"ಎಳೆದ್ರೆ ನಮ್ಮಿಬ್ರನ್ನೂ ಓಟದಿಂದ ಹೊರಗೆ ಹಾಕ್ತಾರೆ, ಓಂಕಾರಪ್ಪೋರೆ. ಅಂವ ನನ್ನ ಎಳೀತಿಲ್ಲ. ಎರಡು ವರ್ಷದಿಂದ ಅವನ್ನ ಎಳೀತಿರೋದು ನಾನು. ನಂಗೆ ಬೇರೆ ಜೊತೆಗಾರ ಬೇಕು."

"ಉಪಕಾರ ಮಾಡಿದೋರಿಗೆ ಹಿಂಗಾ!" ಎಂದು ಮುಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಅಣ್ಣನಂತಿದ್ದವನನ್ನು ನಾಲ್ಕು ಜನರ ಮುಂದೆ ಕಳೆದುಕೊಂಡೆನೆಂದು ಅವಳಿಗೆ ಅಳು ಬಂತು.

ಪಕ್ಕದಲ್ಲಿ ಬಸವಪ್ರಸಾದ್ ಉದ್ದಕ್ಕೆ ಉಸಿರು ಬಿಟ್ಟ.

"ಅಬ್ಬ, ಬದುಕ್ಕಂಡೆ ಮಾರಾಯ್ತಿ! ನನ್ನ ಮೊಣಕಾಲು ಹೋಗಿ ಯಾವ ಕಾಲ ಆಯ್ತು. ಬಿಡ್ತೀನಿ ಅಂದ್ರೆ ನೀನೆಲ್ಲಿ ನೊಂದ್ಕತೀಯೋ ಅಂತ ಸುಮ್ನಿದ್ದೆ."

ಜನ ಹೋ ಎಂದು ನಕ್ಕರು. ಅವಳಿಗೆ ನಗು ಬರಲಿಲ್ಲ. ಕೈತಪ್ಪಿದ ಆ ಎರಡು ಆಯ್ಕೆಗಳೂ ಒಟ್ಟಿಗೇ ಎದೆಗೆ ಬಂದು ಒದ್ದವು.

"ಎರಡು ವರ್ಷ ಕಣೋ! ಒಂದು ಮಾತು ಹೇಳಕ್ಕೆ ಏನಾಗಿತ್ತು ನಿಂಗೆ?"

"ನಿಂಗೇನಾಗಿತ್ತು?" ಎಂದ ಅವನು.

ಭುವನಾ ಮೈಕನ್ನು ಓಂಕಾರಪ್ಪನವರ ಕೈಗೆ ತುರುಕಿ ಕುಳಿತುಬಿಟ್ಟಳು.