ಏಳು ನಿಮಿಷ ಮುಂಚಿನ ಗಂಟೆ

ಮೊನ್ನೆ ಸುಂಟಿಕೊಪ್ಪದಲ್ಲಿ ಗಡಿಯಾರ ರಿಪೇರಿ ಮಾಡುವವರು ನನ್ನ ಹಳೆಯ ಕೈಗಡಿಯಾರದ ಬೆನ್ನು ತೆರೆದು, ಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆಯುತ್ತ ಕೇಳಿದರು: “ಭಾರಿ ಹಳೇದು ಸಾರ್. ಯಾರು ಕೊಡ್ಸಿದ್ದು?”

“ಅಪ್ಪ” ಎಂದೆ. ಉಳಿದದ್ದನ್ನು, ಓದುಗರೇ, ನಿಮ್ಮಲ್ಲಿ ಹೇಳಿಕೊಳ್ಳುತ್ತೇನೆ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲವದು. ಹಾಸನದ ಕಡೆಯಿಂದ ಬಂದ ಅಪ್ಪ ಇಲ್ಲಿನ ಕಾಫಿ ಎಸ್ಟೇಟೊಂದರಲ್ಲಿ ಗಂಟೆ ಹೊಡೆಯುತ್ತಿದ್ದರು. ಗಂಟೆಯೆಂದರೆ ಹಲಸಿನ ಮರಕ್ಕೆ ತೂಗುಹಾಕಿದ ರೈಲುಹಳಿಯ ತುಂಡು. ರೈಲೇ ಬಾರದ ನಾಡಿಗೆ ಅದು ಹೇಗೆ ಬಂದಿತೋ ಯಾರಿಗೂ ತಿಳಿಯದು. ಅಪ್ಪನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಸಿಲ್ವರ್ ಓಕ್ ಮರದ ನೆರಳು ಅಂಚು ಮುಟ್ಟಿದರೆ ಹನ್ನೆರಡು, ಅರ್ಧ ಗಂಟೆಯ ಊಟದ ಬಿಡುವು. ಆದರೆ ಅವರು ನೆರಳು ಒಂದು ಗೇಣು ಹಿಂದಿರುವಾಗಲೇ ಹೊಡೆದುಬಿಡುತ್ತಿದ್ದರು. ಓದುಬರಹವಿಲ್ಲದವರ ಲೆಕ್ಕ ಹೀಗೆಯೇ ಇರುತ್ತದೆಂದು ನಾನು ಭಾವಿಸಿದ್ದೆ.

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಎಲ್ಲಿ ತಪ್ಪಾದೀತೋ ಎಂಬ ಅಂಜಿಕೆಯಿಂದ ಒಂದು ರಜಾ ಅರ್ಜಿಯನ್ನೂ ಮೂರು ಬಾರಿ ಬರೆಯುತ್ತಿದ್ದವನು. ನಾನು ಬಿ.ಎ. ಆದ ಸಂತೋಷಕ್ಕೆ ಅಪ್ಪ ಮಡಿಕೇರಿಗೆ ಹೋಗಿ ಈ ಗಡಿಯಾರ ತಂದು, ತಾವೇ ನನ್ನ ಕೈಗೆ ಕಟ್ಟಿದರು. ಕಾಫಿ ಹಣ್ಣು ಕೊಯ್ಯುತ್ತಿದ್ದ ಸೀತಕ್ಕ ನಕ್ಕಳು: “ಇದೇನಪ್ಪೋ, ಒಂದೇ ಕೈಗೆ ಬಳೆ ತೊಟ್ಟಿದೀಯ? ಇನ್ನೊಂದು ಕೈ ಏನು ಪಾಪ ಮಾಡಿತ್ತು?” ಅವಳ ಎಳೆಗೂಸು ದೂರದಲ್ಲಿದ್ದ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ, ಅಜ್ಜಿಯ ಬಳಿ ಇರುತ್ತಿತ್ತು.

ಎರಡು ದಿನ ಕಳೆದಿರಬಹುದು. ಅಪ್ಪ ಸುತ್ತಿಗೆ ಎತ್ತಿದರು. ನಾನು ಗಡಿಯಾರ ನೋಡಿದೆ. ಹಾಜರಿ ಬರೆಯುವ ಎಸ್ಟೇಟಿನ ರೈಟರು ಪಕ್ಕದಲ್ಲಿಯೇ ನಿಂತಿದ್ದರು. ಅಪ್ಪನ ತಪ್ಪು ಅವರ ಕಣ್ಣಿಗೆ ಬೀಳುವ ಮೊದಲೇ ತಿದ್ದಬೇಕೆಂಬ ಆತುರದಲ್ಲಿ ಹೇಳಿಬಿಟ್ಟೆ: “ಅಪ್ಪಾ, ತಡಿ. ಇನ್ನೂ ಏಳು ನಿಮಿಷ ಇದೆ.”

ರೈಟರು ಜೇಬಿನ ಗಡಿಯಾರ ತೆಗೆದು ನೋಡಿದರು. “ಏನ್ ನಂಜಪ್ಪ, ದಿನಾ ಹಿಂಗೇನಾ? ಬಿ.ಎ. ಹೇಳಿದ ಮೇಲೆ ಸರಿಯಾಗೇ ಇರುತ್ತೆ ಬಿಡು.”

ಆ ವಾರವೇ ಆಫೀಸಿನ ಗೋಡೆಗೆ ದೊಡ್ಡ ಗಡಿಯಾರ ಬಂದಿತು. ಸುತ್ತಿಗೆ ಕಾವಲುಗಾರನ ಕೈ ಸೇರಿತು. ಅಪ್ಪ ಕಳೆ ಕೀಳಲು ಹೋದರು.

ಹೊಸ ಗಂಟೆ ಸರಿಯಾಗಿ ಹನ್ನೆರಡಕ್ಕೆ ಹೊಡೆಯಿತು. ಸೀತಕ್ಕ ಲೈನಿನತ್ತ ಓಡಿದಳು. ಅವಳು ಮರಳಿ ಅರ್ಧ ದಾರಿಗೆ ಬರುವಷ್ಟರಲ್ಲಿ ಹನ್ನೆರಡೂವರೆಯ ಗಂಟೆಯೂ ಆಗಿಹೋಯಿತು. ತಡವಾಗಿ ಬಂದವಳ ಆ ಹೊತ್ತಿನ ಹಾಜರಿಯನ್ನು ರೈಟರು ಹೊಡೆದುಹಾಕಿದರು. ಮರುದಿನ ಅವಳು ಲೈನಿಗೆ ಹೋಗಲಿಲ್ಲ. ಮಧ್ಯಾಹ್ನ ಹಣ್ಣಿನ ಬುಟ್ಟಿ ಹೊತ್ತು ಬಂದಾಗ ಅವಳ ರವಿಕೆ ಹಾಲಿನಿಂದ ನೆನೆದಿತ್ತು. ನನ್ನನ್ನು ಕಂಡು ಸೆರಗು ಎಳೆದುಕೊಂಡಳು. ಬಳೆಯ ಮಾತು ಮತ್ತೆ ಆಡಲಿಲ್ಲ.

ಅವ್ವ ಸೌದೆ ಒಟ್ಟುತ್ತ, ನನ್ನ ಮುಖ ನೋಡದೆ ಹೇಳಿದಳು: “ನಿಂಗೆ ಹಾಲು ಕುಡ್ಸಿ ಬರೋಕೆ ನಂಗೆ ಅರ್ಧ ಗಂಟೆ ಸಾಲ್ತಿರ್ಲಿಲ್ಲ ಕಣೋ. ಅದ್ಕೇ ಮುಂಚೆ ಹೊಡೆಯೋಕೆ ಶುರು ಮಾಡಿದ್ದು ನಿಮ್ಮಪ್ಪ. ಆಮೇಲೆ ಬೇರೆಯೋರ ಮಕ್ಳಿಗೆ ನಿಲ್ಸೋಕೆ ಮನಸ್ಸು ಬರ್ಲಿಲ್ಲ.”

ಅಪ್ಪನ ಬಳಿ ಹೋಗಿ ನಿಂತೆ. ಕ್ಷಮೆ ಕೇಳಲು ವ್ಯಾಕರಣಶುದ್ಧವಾದ ವಾಕ್ಯವೊಂದನ್ನು ಕಟ್ಟಿಕೊಂಡೇ ಹೋಗಿದ್ದೆ. ಅದನ್ನು ಆಡುವ ಮೊದಲು ಅವರೇ, “ನೀ ಹೇಳಿದ್ದು ಸರಿಯಾಗೇ ಇತ್ತು ಮಗ” ಎಂದರು. ಅವರು ತೀರಿಕೊಳ್ಳುವವರೆಗೂ ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಕಳೆ ಕೀಳುವಾಗಲೂ ಹನ್ನೆರಡರ ಹತ್ತಿರಕ್ಕೆ ಅವರ ಕೈ ನಿಲ್ಲುತ್ತಿತ್ತು. ಕಣ್ಣು ನೆರಳಿನತ್ತ ಹೋಗುತ್ತಿತ್ತು.

ಮುಂದೆ ನಾನು ಉಪಾಧ್ಯಾಯನಾದೆ. ಗಡಿಯಾರದ ಚರಿತ್ರೆಯ ಮೇಲೆ ಒಮ್ಮೆ ಭಾಷಣವನ್ನೂ ಮಾಡಿದೆ. ನೆರಳು, ನೀರು, ಮರಳು, ಮುಳ್ಳು ಎಲ್ಲವೂ ಅದರಲ್ಲಿದ್ದವು. ಅಪ್ಪನ ಆ ಒಂದು ಗೇಣು ಇರಲಿಲ್ಲ.

ರಿಪೇರಿಯಾದ ಗಡಿಯಾರ ಕಟ್ಟಿಕೊಂಡು ಬಸ್ಸಿಗೆ ಬಂದೆ. ಅದು ಹೊರಡುವ ಹೊತ್ತಾಗಿತ್ತು. ದೂರದಲ್ಲಿ ಹೆಣ್ಣುಮಗಳೊಬ್ಬಳು ಅಳುವ ಕೂಸನ್ನು ಅವುಚಿಕೊಂಡು, ಕೈಬೀಸುತ್ತ ಓಡಿ ಬರುತ್ತಿದ್ದಳು. ಒಂದು ನಿಮಿಷ ತಡವಾದರೂ ನನ್ನಿಂದ ಆಕ್ಷೇಪದ ಮಾತು ಕೇಳುತ್ತಿದ್ದ ಪರಿಚಯದ ಕಂಡಕ್ಟರು, “ಹತ್ತಿ ಸಾರ್, ಟೈಮಾಯ್ತು” ಎಂದರು.

ನಾನು ಮೆಟ್ಟಿಲ ಮೇಲೆಯೇ ನಿಂತು ಗಡಿಯಾರ ನೋಡಿದೆ. “ಇಲ್ಲ. ಇನ್ನೂ ಏಳು ನಿಮಿಷ ಇದೆ.”

ಅವರು ನನ್ನ ಮುಖ ನೋಡಿದರು. “ನೀವು ಹೇಳಿದ ಮೇಲೆ ಸರಿಯಾಗೇ ಇರತ್ತೆ ಬಿಡಿ.”

ಅವಳು ಹತ್ತಿ ಕುಳಿತಳು. ಕೂಸನ್ನು ಸೆರಗಿನ ಮರೆಗೆ ತೆಗೆದುಕೊಂಡಳು; ಅಳು ನಿಂತಿತು. ನಾನು ಗಡಿಯಾರವನ್ನು ಅಂಗಿಯ ತೋಳಿನೊಳಕ್ಕೆ ಸರಿಸಿ, ಕಿಟಕಿಯ ಕಡೆಗೆ ತಿರುಗಿಕೊಂಡೆ.