ಎಷ್ಟು ಸೆಕೆಂಡು ಕಾಯಬೇಕು

ಅಮ್ಮ ತೀರಿಕೊಂಡ ಹದಿನೇಳನೆಯ ದಿನ ಚೇತನಾ ಕುಂದಾಪುರದ ಆಫೀಸಿಗೆ ಮರಳಿದಳು. ಅಳು ಬಂದಿರಲಿಲ್ಲ, ಹಸಿವೂ ಇರಲಿಲ್ಲ. ಅವಳು ಬರೆದ ಸಾಫ್ಟ್‌ವೇರಿನಲ್ಲಿ ರಕ್ತಪರೀಕ್ಷೆಯ ರಿಪೋರ್ಟ್ ತೆರೆಯುತ್ತಿಲ್ಲವೆಂದು ಕೊಕ್ಕರ್ಣೆಯ ಕ್ಲಿನಿಕ್ಕಿನಿಂದ ಫೋನ್ ಬಂದಿತ್ತು. ಬಸ್ಸು ಹತ್ತಿ ಹೋದಳು.

ನರ್ಸ್ ಸುಂದರಿ ಗುಂಡಿ ಒತ್ತಿ ತೋರಿಸಿದಳು. ಅಲ್ಲಿಯ ನೆಟ್ ನಿಧಾನ. ರಿಪೋರ್ಟ್ ಬರಲು ಹೆಚ್ಚಿನ ಸಲ ಅರ್ಧ ನಿಮಿಷ ಬೇಕು. ಸಾಫ್ಟ್‌ವೇರ್ ಇಪ್ಪತ್ತು ಸೆಕೆಂಡಿಗೇ ಕಾಯುವುದನ್ನು ಕೈಬಿಡುತ್ತಿತ್ತು. ಆ ಇಪ್ಪತ್ತನ್ನು ಯಾರೂ ಬದಲಾಯಿಸಲಾಗದಂತೆ ಕೋಡಿನೊಳಗೇ ಬರೆದವಳು ಚೇತನಾ.

“ಒಂದ್ ವರ್ಷದಿಂದ ಹತ್ತ್ ಹತ್ತ್ ಸಲ ಒತ್ತುದೇ ಆಯ್ತ್. ನಾನೇ ಒತ್ತುದ್ ತಪ್ಪಾತ್ತ್ ಅಂದ್ಕಂಡಿದ್ದೆ,” ಎಂದಳು ಸುಂದರಿ.

“ಇಲ್ಲ, ತಪ್ಪ್ ನಂದ್.”

ಚೇತನಾ ಲ್ಯಾಪ್‌ಟಾಪ್ ತೆರೆದು ಕೋಡು ತಿದ್ದಿದಳು. ಎಷ್ಟು ಸೆಕೆಂಡು ಕಾಯಬೇಕೆಂದು ಇನ್ನು ಆಯಾ ಊರಿನವರೇ ಸೆಟ್ಟಿಂಗ್ಸಿನಲ್ಲಿ ಬರೆದುಕೊಳ್ಳಬಹುದು. ಸುಂದರಿ ತೊಂಬತ್ತು ಎಂದು ಬರೆದು ಗುಂಡಿ ಒತ್ತಿದಳು. ರಿಪೋರ್ಟ್ ತೆರೆಯಿತು. ಅವಳು ಭಾರ ಇಳಿದವಳಂತೆ ನಕ್ಕಳು. ತನಗೂ ಸಂತೋಷವಾಗಬೇಕಿತ್ತು ಎಂದು ಚೇತನಾಳಿಗೆ ತಿಳಿಯುತ್ತಿತ್ತು. ಏನೂ ಆಗಲಿಲ್ಲ.

“ಹ್ವಾಯ್, ಉಂಡ್ಕಂಡ್ ಹೋಪ್ಲಕ್ಕ್, ಬನ್ನಿ.”

ಚೇತನಾ ಹೋಗಿ ಊಟಕ್ಕೆ ಕುಳಿತಳು. ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯಲಿಲ್ಲ. ಸುಂದರಿ ಬಡಿಸಿದ್ದನ್ನೆಲ್ಲ ಉಂಡಳು.