ಕಿಶ್‌ಹಾರ್ಶ್‌ಗೆ ಹತ್ತು ಜನ

ನನ್ನ ನಾದಿನಿ ರೊಸ್ವಿತಾ ಮೂವತ್ತಾರು ವರ್ಷ ವಾಹನ ನೋಂದಣಿ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತವಳು. ನಮ್ಮ ಊರಿನಲ್ಲಿ ಕಾರು ಕೊಂಡವರಲ್ಲಿ ಕಾಗದಪತ್ರ ಸರಿಯಿಲ್ಲವೆಂದು ಅವಳ ಕಿಟಕಿಯಿಂದ ಒಮ್ಮೆಯಾದರೂ ವಾಪಸ್ ಬರದವರು ಯಾರೂ ಇಲ್ಲ. ಸ್ವಂತ ತಮ್ಮ, ಎಂದರೆ ನನ್ನ ಗಂಡ ಡೀಟ್ಮರ್, ಹಳೆಯ ವ್ಯಾನು ಕೊಂಡಾಗ ಅವನನ್ನೂ ಮೂರು ಸಲ ಅಲೆದಾಡಿಸಿದಳು. ಮೂರನೇ ಸಲ ಅವನು, 'ಅಕ್ಕಾ, ನಾನೇ ಕಣೇ' ಅಂದನಂತೆ. 'ಗುರುತಿನ ಚೀಟಿ ಇದೆಯಾ?' ಅಂದಳಂತೆ ಇವಳು. ಮದುವೆಯಾಗಲಿಲ್ಲ. ಅವಳ ಅರ್ಜಿಗೆ ಬೇಕಾದ ಎಲ್ಲ ದಾಖಲೆ ಇದ್ದ ಗಂಡು ಸಿಗಲಿಲ್ಲ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಇಂಥವಳ ಜೊತೆ ಹನ್ನೊಂದು ದಿನ, ಕಾಲು ಚಾಚಿದರೆ ಗೋಡೆಗೆ ತಾಗುವ ಹಡಗಿನ ಕೋಣೆಯಲ್ಲಿ ಇರಬೇಕಾಯಿತು ನಾನು. ಜರ್ಮನಿಯ ಪಾಸೌನಿಂದ ಹೊರಟು ಡ್ಯಾನ್ಯೂಬ್ ನದಿಯಲ್ಲಿ ಹಂಗೇರಿಯ ಮೊಹಾಚ್‌ವರೆಗೆ ಹೋಗಿ ವಾಪಸ್ ಬರುವುದು. ಡೀಟ್ಮರ್‌ಗೆ ನೀರು ಕಂಡರೆ ಹೊಟ್ಟೆ ತೊಳಸುತ್ತದೆ. ಕನಿಷ್ಠ ಹಾಗೆ ಹೇಳಿ ತಪ್ಪಿಸಿಕೊಂಡ.

ಈ ಪ್ರಯಾಣಕ್ಕೆ ಕಾರಣ ನನ್ನ ಅತ್ತೆ. ಅವರು ಹುಟ್ಟಿದ್ದು ಹಂಗೇರಿಯ ಕಿಶ್‌ಹಾರ್ಶ್ ಎಂಬ ಹಳ್ಳಿಯಲ್ಲಿ, ಜರ್ಮನ್ ಮಾತಾಡುವ ಮನೆಯಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನ್ನರೆಲ್ಲ ಹೊರಡಿ ಎಂದಾಯಿತು. ಒಂದು ಗಂಟು ಹೊತ್ತುಕೊಂಡು ರೈಲು ಹತ್ತಿದವರು ಅತ್ತೆ. ಆಮೇಲೆ ಪ್ರತಿ ಭಾನುವಾರದ ಊಟದಲ್ಲೂ ಅದೇ ಮಾತು. 'ನಂಬರ್ ಅರವತ್ಮೂರು. ನಮ್ಮ ಮನೆ. ಈಗ ಯಾರೋ ಕೂತು ತಿಂತಿದಾರೆ.' ಎಷ್ಟು ಸಲ ಕರೆದರೂ ಹೋಗಿ ನೋಡಲಿಲ್ಲ. ಕಳೆದ ಚಳಿಗಾಲಕ್ಕೆ ಮುಂಚೆ ತೀರಿಕೊಂಡರು. ಸಾಯುವ ವಾರ ರೊಸ್ವಿತಾಳ ಕೈ ಹಿಡಿದು, 'ನೀನಾದ್ರೂ ಹೋಗಿ ಅವರ ಮುಖಕ್ಕೆ ಹೇಳು' ಅಂದರು.

ನಮ್ಮ ಊರಿಂದ ಅಲ್ಲಿಗೆ ಕಾರಿನಲ್ಲಿ ಒಂದು ದಿನದ ದಾರಿ. ಅದನ್ನೇ ಹೇಳಿದೆ ನಾನು.

"ಹೋಗಿ ಬಾಗಿಲು ತಟ್ಟಿ ಏನಂತ ಹೇಳ್ಲಿ? ನಾನು ಯಾರು ಅಂತ ಅವರು ಕೇಳಿದ್ರೆ?" ಅಂದಳು.

"ಯಾರು ಅಂತ ಹೇಳೋಕೆ ತಾನೇ ಹೋಗೋದು?"

"ಹಾಗೆಲ್ಲ ನುಗ್ಗೋಕಾಗಲ್ಲ ಗೆರ್ಲಿ. ಇದು ನೋಡು." ಹಡಗಿನವರ ಪುಸ್ತಿಕೆ ತೆಗೆದು ಬೆರಳಿಟ್ಟಳು. ಮೊಹಾಚ್ ದಿನಕ್ಕೆ ಎರಡು ಆಯ್ಕೆ ಅಚ್ಚಾಗಿದ್ದವು. ಒಂದು, ಪೇಚ್ ನಗರ ದರ್ಶನ, ಟಿಕೆಟ್ಟಿನಲ್ಲೇ ಸೇರಿದ್ದು. ಇನ್ನೊಂದು, ಕಿಶ್‌ಹಾರ್ಶ್ ಹಳ್ಳಿಯಲ್ಲಿ ಮಧ್ಯಾಹ್ನ, ಕಾಫಿ ಮತ್ತು ಕೇಕ್, ಪ್ರತ್ಯೇಕ ಶುಲ್ಕ. ಅಮ್ಮನ ಊರು ಅಚ್ಚಾದ ಮೇಲೆ ಅವಳ ಪಾಲಿಗೆ ಅದು ಸರಕಾರಿ ಅಪ್ಪಣೆ. ಹೋಗಲೇಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಕನಿಷ್ಠ ಹತ್ತು ಜನ ಹೆಸರು ಕೊಟ್ಟರೆ ಮಾತ್ರ.

ಆ ಹತ್ತು ಜನ ನನ್ನ ಪ್ರಾಣ ತಿಂದರು.

ಹಡಗಿನ ಊಟದ ಮನೆಯಲ್ಲಿ ಮೊದಲ ದಿನ ಕೂತ ಜಾಗದಲ್ಲೇ ಕೊನೆಯ ದಿನದವರೆಗೂ ಕೂರಬೇಕು. ನಮ್ಮ ಮೇಜಿಗೆ ಬಂದವರು ಗಂಡ ಹೆಂಡತಿ, ಹೆರ್ ಟ್ರೋಯ್ಬರ್, ಫ್ರೌ ಟ್ರೋಯ್ಬರ್. ಆತ ನಿವೃತ್ತ ಭೂಮಾಪಕ. ಯಾರು ಏನು ಹೇಳಿದರೂ ತಿದ್ದುವುದೇ ಕೆಲಸ. ನದಿ ಅಗಲವಾಗಿದೆ ಎಂದರೆ ಎಷ್ಟು ಮೀಟರ್ ಎನ್ನುತ್ತಿದ್ದರು. ಆಕೆಯದು ಒಂದೇ ಚಿಂತೆ, ಯಾವ ಪ್ರವಾಸದಲ್ಲಿ ಎಷ್ಟು ಮೆಟ್ಟಿಲು. ವಿಯೆನ್ನಾದಲ್ಲಿ ಅರಮನೆಯೋ ವೈನ್ ತೋಟವೋ? ಬ್ರಾಟಿಸ್ಲಾವಾದಲ್ಲಿ ಕೋಟೆಯೋ ಚಾಕೊಲೇಟೋ? ತಿಂಡಿಗೆ ಇದೇ ಚರ್ಚೆ, ಊಟಕ್ಕೆ ಇದೇ ಚರ್ಚೆ. ಅರಮನೆಗೆ ಹೋದವರು ಬಂದು ವೈನ್ ತೋಟವೇ ಚೆನ್ನಾಗಿತ್ತೇನೋ ಎಂದು ಕೊರಗುವರು. ವೈನ್ ತೋಟಕ್ಕೆ ಹೋದವರು ಅರಮನೆ ತಪ್ಪಿತೆಂದು ಕೊರಗುವರು. ನೂರಾ ಮೂವತ್ತು ಜನ ಹೊಟ್ಟೆ ತುಂಬ ತಿಂದು ಕೂತು ಕೊರಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಂಥವರ ನಡುವೆ ರೊಸ್ವಿತಾ ಜನ ಸೇರಿಸಲು ಹೊರಟಳು. ಮೂರನೇ ಕಿಟಕಿಯ ಧಾಟಿ ಬಿಟ್ಟರೆ ಅವಳಿಗೆ ಬೇರೆ ಮಾತಾಡುವ ರೀತಿ ಗೊತ್ತಿಲ್ಲ. ಹಡಗಿನ ಮೇಲಿನ ಡೆಕ್ಕಿನಲ್ಲಿ ಬಿಸಿಲು ಕಾಯುತ್ತ ಕೂತವರ ಮುಂದೆ ನಿಂತು, "ಮೊಹಾಚ್‌ನಲ್ಲಿ ಹಳ್ಳಿಗೆ ಬರ್ತೀರೋ ಇಲ್ವೋ?" ಎಂದು ಕೇಳುವುದು. ಅವರು ಕಣ್ಣು ಬಿಡುವಷ್ಟರಲ್ಲಿ ಮುಂದಿನವರ ಹತ್ತಿರ ಹೋಗುವುದು.

"ಸ್ವಲ್ಪ ನಗುನಗ್ತಾ ಕೇಳೇ ಮಾರಾಯ್ತಿ," ಅಂದೆ.

ನಕ್ಕಳು. ಫ್ರೌ ಟ್ರೋಯ್ಬರ್ ಗಾಬರಿಯಾಗಿ, "ಹಲ್ಲು ನೋವಾ? ನನ್ನ ಹತ್ರ ಮಾತ್ರೆ ಇದೆ," ಅಂದರು.

ಕೊನೆಗೆ ನಾನೇ ಹೇಳಿಕೊಟ್ಟೆ. ಬರ್ತೀರಾ ಅಂತ ಕೇಳಬೇಡ, ಅಮ್ಮ ಹೇಳುತ್ತಿದ್ದುದನ್ನು ಹೇಳು ಸಾಕು. ಅವಳು ಹಾಗೇ ಮಾಡಿದಳು. ಅತ್ತೆ ಅಂಗಳದಲ್ಲಿ ಬಾತುಗಳನ್ನು ಓಡಿಸುತ್ತಿದ್ದುದು, ಒಲೆಯ ಪಕ್ಕದ ಬೆಂಚಿನ ಮೇಲೆ ಅಜ್ಜ ನಿದ್ದೆ ಮಾಡುತ್ತಿದ್ದುದು, ರೈಲು ಹತ್ತುವ ದಿನ ನಾಯಿ ನಿಲ್ದಾಣದವರೆಗೂ ಓಡಿಬಂದುದು. ಹೇಳುವಾಗ ಅವಳ ಧ್ವನಿ ಮೆತ್ತಗಾಗುತ್ತಿತ್ತು. ಜನ ಊಟ ಬಿಟ್ಟು ಕೇಳಿದರು. ಬುಡಾಪೆಸ್ಟ್ ಮುಟ್ಟುವ ಹೊತ್ತಿಗೆ ಹನ್ನೆರಡು ಜನ ಬರುತ್ತೇವೆ ಎಂದಿದ್ದರು. ಟ್ರೋಯ್ಬರ್ ದಂಪತಿಗಳೂ ಸೇರಿ. ಹಳ್ಳಿಯಲ್ಲಿ ಮೆಟ್ಟಿಲಿಲ್ಲ ಎಂದು ಆಕೆಗೆ ಸಮಾಧಾನ.

ರಾತ್ರಿ ನನಗೆ ನಿದ್ದೆ ಇಲ್ಲ. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಅವಳದು ಗಿಣಿಪಾಠ. 'ಇದು ನನ್ನ ಅಮ್ಮನ ಮನೆ. ನಿಮ್ಮದಲ್ಲ. ನೀವು ಇಲ್ಲಿರೋದು ಅನ್ಯಾಯ.' ಮೂರೇ ವಾಕ್ಯ. ಮೂವತ್ತು ಸಲ.

ಮೊಹಾಚ್‌ಗೆ ಹೆಸರು ಕೊಡಲು ಹಿಂದಿನ ದಿನ ಸಂಜೆ ಆರು ಗಂಟೆ ಗಡುವು. ಐದೂವರೆಗೆ ಧ್ವನಿವರ್ಧಕ ಕೂಗಿತು. ಪ್ರವಾಸಗಳ ಉಸ್ತುವಾರಿ ನೋಡುವ ಬಲ್ಗೇರಿಯಾದ ಹುಡುಗಿ ದೆಸಿಸ್ಲಾವಾಳ ಧ್ವನಿ. "ಕಿಶ್‌ಹಾರ್ಶ್ ಪ್ರವಾಸಕ್ಕೆ ಯಾರೂ ಹೆಸರು ಕೊಡದೇ ಇರೋದ್ರಿಂದ ಅದನ್ನ ರದ್ದು ಮಾಡಬೇಕಾಗುತ್ತೆ."

ಯಾರೂ? ನಾನು ಓಡಿದೆ. ದೆಸಿಸ್ಲಾವಾ ಪಟ್ಟಿ ತೋರಿಸಿದಳು. ಹಾಳೆ ಖಾಲಿ. ಒಂದು ಚುಕ್ಕೆಯೂ ಇಲ್ಲ. ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಸಹಿ ಹಾಕಿದ ಮೇಲೆ ಬದಲಾವಣೆಗೆ ಅವಕಾಶವಿಲ್ಲ.

ಅಷ್ಟರಲ್ಲಿ ಹನ್ನೆರಡು ಜನವೂ ಬಂದು ಮೇಜನ್ನು ಮುತ್ತಿದರು, ಮೋಸವಾದವರ ಹಾಗೆ.

"ಇದೇನ್ರೀ ಅನ್ಯಾಯ? ನಾವು ಬರ್ತೀವಿ ಅಂದಿದ್ವಲ್ಲ!" ಅಂದರು ಹೆರ್ ಟ್ರೋಯ್ಬರ್.

"ಮತ್ತೆ ಸಹಿ ಯಾಕೆ ಹಾಕ್ಲಿಲ್ಲ?" ಅಂದೆ ನಾನು.

"ಹತ್ತು ಜನ ಆಗ್ದೇ ಹೇಗೆ ಹಾಕೋದು? ಆಮೇಲೆ ಬದಲಾಯಿಸೋಕಾಗಲ್ಲ ಅಂತ ಬರೆದಿದೆ. ಇದು ನಡೀದೇ ಹೋಗಿ, ಅತ್ಲಾಗೆ ಪೇಚ್ ಬಸ್ಸೂ ತುಂಬಿಬಿಟ್ರೆ? ಹತ್ತಾದ ಮೇಲೆ ಹಾಕೋಣ ಅಂತಿದ್ದೆ."

ಉಳಿದ ಹನ್ನೊಂದು ತಲೆಗಳೂ ಹೌದು ಹೌದು ಎಂದು ಆಡಿದವು. ಹನ್ನೆರಡು ಜನವೂ ಹತ್ತಾಗುವುದನ್ನೇ ಕಾಯುತ್ತ ಕೂತಿದ್ದರು! ದೆಸಿಸ್ಲಾವಾ ಕಣ್ಣು ಪಿಳಿಪಿಳಿ ಬಿಟ್ಟಳು. ಅವಳ ಊರಿನಲ್ಲಾಗಿದ್ದರೆ ಮೂವತ್ತು ಜನ ಸಹಿ ಹಾಕಿ ಎಂಟು ಜನ ಬರುತ್ತಿದ್ದರಂತೆ.

ನಾನು ರೊಸ್ವಿತಾಳ ಕಡೆ ತಿರುಗಿದೆ. "ನೀನು? ನಿನ್ನ ಹೆಸರೆಲ್ಲೇ?"

"ಖಚಿತವಾಗದ ಅರ್ಜಿಗೆ ನಾನು ಜೀವಮಾನದಲ್ಲಿ ಸಹಿ ಹಾಕಿಲ್ಲ," ಅಂದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

ನನ್ನ ಮೈಯೆಲ್ಲ ಉರಿದುಹೋಯಿತು. ಐದು ದಿನ ನಿದ್ದೆಗೆಟ್ಟದ್ದು, ಕನ್ನಡಿ, ಮೆಟ್ಟಿಲು, ಎಲ್ಲ ಒಟ್ಟಿಗೆ ಬಾಯಿಗೆ ಬಂತು. "ಥೂ ನಿಮ್ಮ! ಮುಳುಗೋ ಹಡಗಿಂದ ಹಾರೋಕೂ ಹತ್ತು ಜನ ಆಗ್ಲಿ ಅಂತ ಕಾಯೋ ಮಂದಿ ನೀವು! ಕೊಡಮ್ಮಾ ಪೆನ್ನು!" ಎಂದು ಕಿರುಚಿ, ಮೊದಲನೇ ಸಾಲಿನಲ್ಲಿ ನನ್ನ ಹೆಸರು ಗೀಚಿದೆ. ಕಾಗದ ಹರಿಯಿತು. ಫ್ರೌ ಟ್ರೋಯ್ಬರ್ ಗಂಡನ ಮುಖವನ್ನೂ ನೋಡದೆ ಪೆನ್ನು ತೆಗೆದುಕೊಂಡರು. ಆಮೇಲೆ ಸಾಲುಗಟ್ಟಿ, ಒಬ್ಬರ ಹಿಂದೆ ಒಬ್ಬರು, ಶಿಸ್ತಾಗಿ.

ಎಲ್ಲ ಮುಗಿದರೂ ರೊಸ್ವಿತಾ ದೂರವೇ ನಿಂತಿದ್ದಳು. ಆರಕ್ಕೆ ಎರಡು ನಿಮಿಷವಿತ್ತು. ನಾನು ಪೆನ್ನನ್ನು ಅವಳ ಕೈಗೆ ತುರುಕಿದೆ.

"ರದ್ದಾಯ್ತು ಅಂತ ಕೂಗಿದಾಗ," ಅಂದಳು ಮೆಲ್ಲಗೆ, "ಸದ್ಯ ತಪ್ಪಿತಲ್ಲ ಅನ್ನಿಸ್ತು ಕಣೇ ಗೆರ್ಲಿ. ನಂಗೆ ತುಂಬಾ ಭಯ ಆಗ್ತಿದೆ."

ನನ್ನ ಕೋಪ ಇಳಿಯಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಅವಳು ಬರೆಯುವವರೆಗೂ ಅವಳ ಮೊಣಕೈ ಹಿಡಿದುಕೊಂಡೆ.

ಮರುದಿನ ಸಣ್ಣ ಬಸ್ಸಿನಲ್ಲಿ ಹದಿನಾಲ್ಕು ಜನ ಕಿಶ್‌ಹಾರ್ಶ್‌ಗೆ ಹೋದೆವು. ಸ್ಥಳೀಯ ಗೈಡ್ ಬೊರ್ಬಾಲಾ ಎಂಬ ಹೆಂಗಸು. ಒಂದು ಮನೆಯಲ್ಲಿ ಕಾಫಿ, ಪ್ಲಮ್ ಕೇಕ್. ಆಮೇಲೆ ಅರ್ಧ ಗಂಟೆ ಬಿಡುವು. ರೊಸ್ವಿತಾ ಬೊರ್ಬಾಲಾಳನ್ನು ಕರೆದುಕೊಂಡು ದೊಡ್ಡ ಬೀದಿಯಲ್ಲಿ ನಂಬರು ಓದುತ್ತ ಹೊರಟಳು. ನಾನು ಹಿಂದೆ. ತಿರುಗಿ ನೋಡಿದರೆ ಉಳಿದ ಹನ್ನೆರಡು ಜನವೂ ನನ್ನ ಹಿಂದೆ. ಇವರನ್ನು ಕರೆದವರು ಯಾರು? ದಿಬ್ಬಣದ ಹಾಗೆ ಹೋಗಿ ಅರವತ್ಮೂರರ ಮುಂದೆ ನಿಂತೆವು.

ಅಂಗಳದಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಸ್ಟೂಲಿನ ಮೇಲೆ ಕೂತು ಚೆರಿ ಹಣ್ಣಿನ ಬೀಜ ತೆಗೆಯುತ್ತಿದ್ದರು. ಕೈ ಮೊಣಕೈವರೆಗೂ ಕೆಂಪು. ಹೆಸರು ಎತೆಲ್ಕಾ ಎಂದು ಆಮೇಲೆ ತಿಳಿಯಿತು. ಗೇಟಿನ ಹತ್ತಿರ ಅಷ್ಟು ಜನ ನೋಡಿ ಎದ್ದು ಬಂದರು.

ರೊಸ್ವಿತಾ ಬೆನ್ನು ನೆಟ್ಟಗೆ ಮಾಡಿ ಮೂರು ವಾಕ್ಯಗಳನ್ನೂ ಹೇಳಿದಳು, ಒಂದಕ್ಷರ ಬಿಡದೆ. ಮೂರನೆಯದನ್ನು ಹಂಗೇರಿಯನ್ ಭಾಷೆಗೆ ತಿರುಗಿಸುವಾಗ ಬೊರ್ಬಾಲಾ ತಡವರಿಸಿದಳು.

ಎತೆಲ್ಕಾ ಸಿಟ್ಟಾಗಲಿಲ್ಲ. "ಗೊತ್ತು," ಅಂದರು. ಆಮೇಲೆ ನಿಧಾನವಾಗಿ ಹೇಳುತ್ತ ಹೋದರು, ಬೊರ್ಬಾಲಾ ನಮಗೆ ತಿಳಿಸುತ್ತ ಹೋದಳು. "ನಾವು ಬಂದಾಗ ಮರದ ತೊಟ್ಟಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದಿಟ್ಟಿತ್ತು, ಉಬ್ಬಿ ಹೊರಗೆ ಬಂದಿತ್ತು. ಅಮ್ಮ ಮುಟ್ಟಲ್ಲ ಅಂತ ಅಳ್ತಾ ಕೂತ್ಲು. ನಾವು ಮಕ್ಕಳು ಹಸಿದಿದ್ವಿ. ಅಪ್ಪನೇ ಸುಟ್ಟು ಕೊಟ್ಟ. ನಿಮ್ಮ ಅಮ್ಮ ನಾದಿದ್ದು ಅಂತ ಕಾಣುತ್ತೆ."

ರೊಸ್ವಿತಾ ಅವರ ಹಿಂದಿನ ಮನೆ ಬಾಗಿಲನ್ನು ನೋಡಿದಳು. ಎತೆಲ್ಕಾ ಮುಂದುವರಿಸಿದರು.

"ನಾವೂ ಕೇಳಿ ಬಂದಿದ್ದಲ್ಲ ತಾಯಿ. ನಮ್ಮೂರು ಕೊಮಾರ್ನೋ ಹತ್ರ, ಸ್ಲೊವಾಕಿಯಾ ಕಡೆ ದಂಡೆ. ಹಂಗೇರಿಯನ್ ಮಾತಾಡೋರೆಲ್ಲ ಹೊರಡಿ ಅಂದ್ರು ಅಲ್ಲಿನ ಸರಕಾರದೋರು. ಹಸುನೂ ನಮ್ಮನ್ನೂ ಒಂದೇ ಗಾಡಿಗೆ ತುಂಬಿ ಈ ಮನೆಗೆ ಕಳಿಸಿದ್ರು. ನಂಗೆ ಆರು ವರ್ಷ. ಆ ಕಡೆ ತಲೆ ಹಾಕಬೇಡ ಅಂತ ಅಪ್ಪ ಆಣೆ ಹಾಕಿಸಿದ್ದ. ಈಗ ಕಾಲಲ್ಲಿ ಶಕ್ತಿನೇ ಇಲ್ಲ, ಹೋಗೋದೆಲ್ಲಿ." ಇಷ್ಟು ಹೇಳಿ ಥಟ್ಟನೆ ಗೇಟು ಹಿಡಿದು ಮುಂದೆ ಬಾಗಿದರು. "ನೀವು ಹಡಗಲ್ಲಿ ಬಂದ್ರಾ? ನದಿ ಮೇಲ್ಗಡೆಯಿಂದ? ಹಾಗಾದ್ರೆ ನಮ್ಮೂರ ಮುಂದೇ ಹಾದು ಬಂದಿದೀರಿ! ಶಾಲೆ ನದಿ ದಂಡೆ ಮೇಲೇ ಇದೆ. ಮುಂದೆ ದೊಡ್ಡ ಹಿಪ್ಪುನೇರಳೆ ಮರ. ನೋಡಿದ್ರಾ?"

ಕೊಮಾರ್ನೋ ದಾಟುವಾಗ ನಾವೆಲ್ಲ ಊಟಕ್ಕೆ ಕೂತಿದ್ದೆವು. ಬುಡಾಪೆಸ್ಟ್‌ನಲ್ಲಿ ಬಿಸಿನೀರಿನ ಸ್ನಾನವೋ ಮಾರುಕಟ್ಟೆಯೋ ಎಂದು ಜಗಳ ನಡೆದಿತ್ತು. ಒಬ್ಬರೂ ಕಿಟಕಿಯ ಕಡೆ ನೋಡಿರಲಿಲ್ಲ. ಹದಿನಾಲ್ಕು ಜನ ನೆಲ ನೋಡುತ್ತ ನಿಂತೆವು. ನಾಚಿಕೆಯಿಂದ ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

"ನೋಡಿದೆ," ಅಂದಳು ರೊಸ್ವಿತಾ.

ಒಂದು ಸೊನ್ನೆ ಹೆಚ್ಚುಕಡಿಮೆ ಬರೆದವರನ್ನೂ ಮೂವತ್ತಾರು ವರ್ಷ ಕ್ಷಮಿಸದವಳು. ನಾನು ಬಾಯಿ ತೆರೆದು ಅವಳನ್ನೇ ನೋಡಿದೆ.

"ಮರ ಇದೆ," ಅಂದಳು. "ಇನ್ನೂ ದೊಡ್ಡದಾಗಿದೆ. ಕೆಳಗೆ ಮಕ್ಕಳು ಆಡ್ತಿದ್ರು."

ಪಕ್ಕದಲ್ಲಿ ಹೆರ್ ಟ್ರೋಯ್ಬರ್ ಗಂಟಲು ಸರಿಮಾಡಿಕೊಂಡರು. ತಿದ್ದುತ್ತಾರೆ, ಈಗ ತಿದ್ದಿಯೇ ತಿದ್ದುತ್ತಾರೆ ಎಂದು ನಾನು ಅವರ ಕಾಲು ತುಳಿಯಲು ಕಾಲೆತ್ತಿದೆ.

"ಮಕ್ಕಳು ಹಡಗಿಗೆ ಕೈ ಬೀಸಿದ್ರು," ಅಂದರು ಅವರು. "ನಾವೂ ಬೀಸಿದ್ವಿ."

ಎತೆಲ್ಕಾ ಕೆಂಪು ಕೈಗಳಿಂದಲೇ ರೊಸ್ವಿತಾಳ ಎರಡೂ ಕೈ ಹಿಡಿದುಕೊಂಡರು. "ನಾವೂ ಬೀಸ್ತಿದ್ವಿ," ಅಂದರು. ಕಣ್ಣು ತುಂಬಿತ್ತು. "ಎಷ್ಟು ಮಕ್ಕಳಿದ್ರು?"

"ಎಣಿಸೋಕಾಗ್ಲಿಲ್ಲ," ಅಂದಳು ರೊಸ್ವಿತಾ. "ನಮ್ಮ ಹಡಗು ಅಲ್ಲಿ ನಿಲ್ಲಲಿಲ್ಲ."

ಅದೊಂದು ಮಾತ್ರ ನಿಜ.